ಐರಿಶ್ 'ಲೇಜಿ ಬೆಡ್' ಏರಿ ನಮ್ಮ ಬೆಳಗಾವಿ ಮಸಾರ್ಯಾಗ ಬಟಾಟಿಗೆ ಹೊಂದತೈತೇನ್ರಿ?

ಮಸಾರಿಹೊಲ:

ನಮಸ್ಕಾರ್ರೀ. ಕಡೋಲಿ ಕಡೆ 10 ಗುಂಟೆ ಕೆಂಪು ಮಸಾರಿ ಹೊಲ, ಪಡುವಣದಿಂದ ಮೂಡಣಕ್ಕ ಸಣ್ಣ ಇಳಿಜಾರು. ಮಿರಗ (ಮೃಗಶಿರಾ) ಮಳಿ ಹಿಡಿದ ಮ್ಯಾಲ ಬಟಾಟಿ ಹಾಕೋದು. ರಂಟಿ ಸಾಲಿನ್ಯಾಗ ಬೀಜ ಬಿಟ್ಟು ಮುಚ್ಚಿದ್ರ ಮ್ಯಾಲಿನ ಅರ್ಧ ಚಲೋ ಹುಟ್ಟತೈತಿ. ಕೆಳಗಿನ ಬದುವಿನ ಕಡೆ ಮಾತ್ರ ಆರಿದ್ರಾ ಮಳ್ಯಾಗ ನೀರು ನಿಂತು ಬೀಜ ಅಲ್ಲೇ ಕೊಳೀತೈತಿ. ಹುಟ್ಟಿ ಉಳಿದದ್ದಕ್ಕ ಪುಷ್ಯ ಮಳಿ ಹೊತ್ತಿಗೆ ಅಂಗಮಾರಿ ರೋಗ.

ಐರ್ಲೆಂಡಿನ ಹಳ್ಳ್ಯಾಗ ನೇಗಿಲಿಲ್ದ ಬರೇ ಸಲಿಕಿಯಿಂದ ಅಗಲ ಏರಿ ಕಟ್ಟಿ ಬಟಾಟಿ ಬೆಳೀತಿದ್ರಂತ, ಅದಕ್ಕ 'ಲೇಜಿ ಬೆಡ್' ಅಂತಾರಂತ. ಅಲ್ಲೂ ಜಿಟಿಜಿಟಿ ಮಳಿ, ಇಲ್ಲೂ ಅದ. ಆ ಏರಿ ಹೆಂಗ ಕಟ್ತಾರ, ಎಷ್ಟು ಅಗಲ, ಬೀಜ ಎಲ್ಲಿ ಇಡ್ತಾರ? ನಮ್ಮ ಹೊಲದಾಗ ಹಂಗ ಮಾಡಿದ್ರ ನಡೀತೈತೇನು? 10 ಗುಂಟೆಗೆ ಬೀಜ, ಗೊಬ್ಬರದ ಲೆಕ್ಕಾನೂ ಗೊತ್ತಿದ್ದವ್ರು ಹೇಳ್ರಿ. ಡಬ್ಲಿನ್‌ದಾಗ ಇರೋ ಪರಿಚಯದವ್ರು ಅಲ್ಲಿ ಬೀಜ ತಂದುಕೊಡ್ತೀನಿ ಅಂತಾರ. ತರಿಸ್ಲೋ ಬ್ಯಾಡೋ?


ಸಲಿಕೆಕಾವು:

ಹೆಸರು ಕೇಳಿ ಮೋಸ ಹೋಗಬೇಡಿ, ಬೆನ್ನು ಮುರಿಯುವ ಕೆಲಸ ಅದು. ಏರಿಯ ಅಡಿಯ ನೆಲವನ್ನು ಅಗೆಯದೆ ಹಾಗೇ ಬಿಡುತ್ತಾರೆ, ಅಷ್ಟಕ್ಕೇ 'ಸೋಮಾರಿ ಮಡಿ' ಎಂದು ಅಡ್ಡಹೆಸರು ಬಿತ್ತು.

ಕಟ್ಟುವುದು ಹೀಗೆ. ಹುಲ್ಲು ಬೆಳೆದ ಬೀಳು ನೆಲದ ಮೇಲೆ ಹಗ್ಗ ಹಿಡಿದು ಸುಮಾರು ಮೂರರಿಂದ ಐದು ಅಡಿ ಅಗಲದ ಪಟ್ಟಿ ಗುರುತು ಮಾಡುತ್ತಾರೆ. ನೆಲ ಜೌಗಾದಷ್ಟೂ ಪಟ್ಟಿ ಕಿರಿದು. ಎರಡು ಪಟ್ಟಿಯ ನಡುವೆ ಎರಡು ಅಡಿಯಷ್ಟು ಜಾಗ ಕಾಲುವೆಗೆ. ಪಟ್ಟಿಯ ಹುಲ್ಲಿನ ಮೇಲೇ ಕೊಟ್ಟಿಗೆ ಗೊಬ್ಬರ ಹರಡುತ್ತಾರೆ, ಸಮುದ್ರ ಹತ್ತಿರವಿದ್ದರೆ ಕಡಲಕಳೆ. ಗೊಬ್ಬರದ ಮೇಲೆ ಬೀಜದ ಹೋಳುಗಳನ್ನು ಸುಮಾರು ಅಡಿಗೊಂದರಂತೆ ಇಡುತ್ತಾರೆ. ಆಮೇಲೆ ಕಾಲುವೆ ಜಾಗದ ಹುಲ್ಲುಹೆಂಟೆಯನ್ನು ಮೂರು ಕಡೆ ಮಾತ್ರ ಕತ್ತರಿಸಿ, ನಾಲ್ಕನೆಯ ಅಂಚು ಪಟ್ಟಿಗೆ ಅಂಟಿಕೊಂಡಿರುವಂತೆಯೇ ಚಾಪೆ ಮಡಚಿದ ಹಾಗೆ ಬೀಜದ ಮೇಲೆ ಮಗುಚುತ್ತಾರೆ. ಹುಲ್ಲಿನ ಮುಖ ಕೆಳಗೆ, ಬೇರಿನ ಮುಖ ಮೇಲೆ. ಆಚೆ ಪಕ್ಕದಿಂದಲೂ ಹೀಗೇ ಮಗುಚಿ, ಕಾಲುವೆಯಲ್ಲಿ ಉಳಿದ ಸಡಿಲ ಮಣ್ಣನ್ನು ಮೇಲೆ ಎರಚುತ್ತಾರೆ. ಮೊಳಕೆ ಕಂಡಾಗ ಮತ್ತೊಂದು ಸಲ ಕಾಲುವೆ ಕೆದಕಿ ಮಣ್ಣು ಏರಿಸುತ್ತಾರೆ. ಮೊದಲು ಏರಿ ಕಟ್ಟಿಕೊಂಡು, ಆಮೇಲೆ ಚೂಪು ಗೂಟದಿಂದ ತೂತು ಮಾಡಿ ಬೀಜ ಬಿಡುವ ಇನ್ನೊಂದು ರೀತಿಯೂ ಇತ್ತು.

ಇದಕ್ಕೆ ಬಳಸುವ ಸಲಿಕೆಗೆ 'ಲಾಯ್' ಎನ್ನುತ್ತಾರೆ. ಉದ್ದನೆಯ ಮರದ ಕಾವು, ತುದಿಯಲ್ಲಿ ಕಿರಿದಾದ ಕಬ್ಬಿಣದ ಅಲಗು, ಕಾಲಿಡಲು ಒಂದೇ ಪಕ್ಕಕ್ಕೆ ಮೆಟ್ಟು. ಮಣ್ಣು ಎತ್ತಿ ಹಾಕುವುದಕ್ಕಿಂತ ಹೆಂಟೆ ಮೀಟಿ ತಿರುಗಿಸುವುದಕ್ಕೆ ಮಾಡಿದ್ದು. ನಮ್ಮ ಸಲಿಕೆ, ಗುದ್ದಲಿ ಎರಡರಲ್ಲೂ ಆ ಮೀಟು ಬರುವುದಿಲ್ಲ.

ಅಲ್ಲಿ ಇದು ಏಕೆ ಗೆದ್ದಿತು ಎಂದರೆ, ಮಗುಚಿದ ಹುಲ್ಲು ಏರಿಯೊಳಗೆ ನಿಧಾನ ಕೊಳೆತು ಗೊಬ್ಬರವಾಗುತ್ತದೆ, ತೆಳುಮಣ್ಣು ದಪ್ಪವಾಗುತ್ತದೆ, ಎತ್ತರದ ಮಣ್ಣು ಬೇಗ ಬೆಚ್ಚಗಾಗುತ್ತದೆ, ನೀರು ಕಾಲುವೆಗೆ ಇಳಿಯುತ್ತದೆ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬದ ಆಸುಪಾಸು ಮೊದಲ ಬಿತ್ತನೆ, ಜುಲೈ ಕೊನೆಯ ಭಾನುವಾರ ಹೊಸ ಗಡ್ಡೆ ಅಗೆಯುವ ಸಂಪ್ರದಾಯ. ನಮ್ಮಲ್ಲಿ ಮಿರಗ, ಆರಿದ್ರಾ ಹಿಡಿದು ಲೆಕ್ಕ ಹಾಕಿದ ಹಾಗೆ.

ಈಗ ನಿಮ್ಮ ಹೊಲ. ಮೇಲಿನದರಲ್ಲಿ ಮೊದಲ ಎರಡು ಲಾಭ ನಿಮಗೆ ಇಲ್ಲ, ಏಕೆಂದರೆ ಉತ್ತು ಹರಗಿದ ಮಸಾರಿಯಲ್ಲಿ ಹುಲ್ಲುಹೆಂಟೆಯೇ ಇರುವುದಿಲ್ಲ. ಬೆಚ್ಚಗಾಗುವುದು ಜೂನ್‌ನಲ್ಲಿ ಯಾರಿಗೂ ಬೇಕಿಲ್ಲ. ಉಳಿಯುವುದು ನೀರು ಇಳಿಸುವ ಕೆಲಸ ಒಂದೇ, ಅದನ್ನಷ್ಟೇ ಎತ್ತಿಕೊಳ್ಳಿ. ಅದರಲ್ಲೂ ಒಂದು ಎಚ್ಚರ: ಅಲ್ಲಿ ಎಷ್ಟೋ ಕಡೆ ಏರಿಯನ್ನು ಇಳಿಜಾರಿನ ಗುಂಟ ನೇರ ಕೆಳಕ್ಕೆ ಹಾಕುತ್ತಾರೆ. ಹುಲ್ಲಿನ ಬೇರು ಹಿಡಿದುಕೊಂಡಿರುವುದರಿಂದ ಮಣ್ಣು ಕೊಚ್ಚುವುದಿಲ್ಲ. ಬರಿ ಮಸಾರಿಯಲ್ಲಿ ಹಾಗೆ ಮಾಡಿದರೆ ಒಂದು ಜೋರು ಮಳೆಗೆ ಏರಿಯ ಮಣ್ಣು, ಹಾಕಿದ ಗೊಬ್ಬರ ಎರಡೂ ಪಕ್ಕದವರ ಹೊಲದಲ್ಲಿ.

ಡಬ್ಲಿನ್ ಬೀಜ ಬೇಡವೇ ಬೇಡ. ಆಮದು ಪರವಾನಗಿ ಇಲ್ಲದೆ ಸೂಟ್‌ಕೇಸಿನಲ್ಲಿ ಬೀಜದ ಗಡ್ಡೆ ತರುವುದು ಸಸ್ಯ ಕ್ವಾರಂಟೈನ್ ಕಾನೂನಿಗೆ ವಿರುದ್ಧ. ತಂದರೂ ಪ್ರಯೋಜನವಿಲ್ಲ. ಕೆರ್ಸ್ ಪಿಂಕ್, ಗೋಲ್ಡನ್ ವಂಡರ್ ಎಲ್ಲ ಅಲ್ಲಿನ 16-17 ತಾಸಿನ ಬೇಸಿಗೆ ಹಗಲಿಗೆ ಒಗ್ಗಿದ ತಳಿಗಳು. ನಮ್ಮ 13 ತಾಸಿನ ಹಗಲಿನಲ್ಲಿ ಗಿಡ ಬೆಳೆಯುವ ಮೊದಲೇ ಗಡ್ಡೆ ಕಟ್ಟಲು ಶುರುಮಾಡಿ ಇಳುವರಿ ಬೀಳುತ್ತದೆ.


ಎಡೆಕುಂಟಿ:

ಸಲಿಕೆಕಾವು ಅವ್ರು ಹೇಳಿದ್ದು ಬರೋಬ್ಬರಿ ಐತಿ. ಆದ್ರ ಅಣ್ಣಾರ, ನಿಮ್ಮ ರೋಗ ಬೀಜದಾಗಿಲ್ಲ, ಬದುವಿನ್ಯಾಗ ಐತಿ. ಕೆಳಗಿನ ಬದು ನೀರು ಕಟ್ಟಿ ನಿಲ್ಲಿಸೈತಿ. ಎಂಥಾ ಐರಿಶ್ ಏರಿ ಕಟ್ಟಿದ್ರೂ ಕಾಲುವಿ ಬಾಯಿ ಬದುವಿಗೆ ಬಡಿದು ನಿಂತ್ರ ಏರಿ ಅಡಿಯಿಂದ ತೊಯ್ತೈತಿ. ಮೊದ್ಲ ಬದುವಿನ ತಗ್ಗಿನ ಮೂಲ್ಯಾಗ ಒಂದೂವರಿ ಅಡಿ ಅಗಲದ ಬಾಯಿ ಬಿಟ್ಟು, ತಳಕ್ಕ ಮತ್ತು ಎರಡೂ ಮಗ್ಗಲಕ್ಕ ಕಲ್ಲು ಜೋಡಿಸ್ರಿ. ಬರೇ ಮಣ್ಣು ಕಡಿದು ಬಿಟ್ರ ಎರಡನೇ ಮಳಿಗೆ ಆ ಬಾಯಿ ನಾಕು ಅಡಿ ಆಗಿರತೈತಿ.

ಏರಿ ಅಡ್ಡಕ್ಕ ಹಾಕ್ರಿ, ಆದ್ರ ಪೂರಾ ಮಟ್ಟ ಅಲ್ಲ. 100 ಅಡಿಗೆ ಸುಮಾರು 4 ಇಂಚು ಇಳಿಬೇಕು. ಗೌಂಡಿ ಹತ್ರ ಲೆವಲ್ ಪೈಪ್ ಇರತೈತಿ, ಅದರಾಗ ನೀರು ತುಂಬಿ ಎರಡೂ ತುದಿ ಗೂಟಕ್ಕ ಹಿಡಿದ್ರ ಅರ್ಧ ತಾಸಿನ ಕೆಲಸ. ಕಣ್ಣಳತಿ ನಂಬಬ್ಯಾಡ್ರಿ, ನಡುವ ಒಂದು ತಗ್ಗು ಬಿದ್ರ ಅಲ್ಲೇ ನೀರು.

ಮ್ಯಾಲಿನ ಅರ್ಧಕ್ಕ ನಮ್ಮ ಸಾದಾ ಎರಡು ಅಡಿ ಸಾಲು ಸಾಕು. ಕೆಳಗಿನ ಅರ್ಧಕ್ಕ ಮಾತ್ರ ಅಗಲ ಏರಿ ಮಾಡ್ರಿ: ಮ್ಯಾಲ ಎರಡೂವರಿ ಅಡಿ, ಕಾಲುವಿ ಒಂದೂವರಿ ಅಡಿ, ಕಾಲುವಿ ತಳದಿಂದ ಏರಿ ನೆತ್ತಿಗೆ 9-10 ಇಂಚು. ಒಂದು ಏರಿ ಮ್ಯಾಲ ಎರಡು ಸಾಲು ಬೀಜ. ಐದು ಅಡಿ ಅಗಲ ಮಾಡಾಕ ಹೋದ್ರ ನಡುವಿನ ಸಾಲಿಗೆ ಮಣ್ಣು ಏರಿಸಾಕ ಬರಂಗಿಲ್ಲ, ಕಾಲಿಟ್ಟು ತುಳೀಬೇಕಾಗತೈತಿ.

ಬೀಜದ ಲೆಕ್ಕ: ಎರಡು ಅಡಿ ಸಾಲು, 10 ಇಂಚಿಗೆ ಒಂದು. ಗುಂಟೆಗೆ 650 ಚಿಲ್ಲರೆ ಗುಣಿ, 10 ಗುಂಟೆಗೆ 6,500. ಹೋಳು 30 ಗ್ರಾಂ ಹಿಡಿದ್ರ 2 ಕ್ವಿಂಟಲ್, ಅಂದ್ರ 50 ಕಿಲೋದ ನಾಕು ಚೀಲ. ಅಗಲ ಏರಿ ಮಾಡಿದ್ರೂ ನಾಕು ಅಡಿಗೆ ಎರಡು ಸಾಲು ಬರೋದ್ರಿಂದ ಲೆಕ್ಕ ಬದಲಾಗಂಗಿಲ್ಲ.

ಪಂಜಾಬಿನ ಜಲಂಧರದ ಬೀಜ ಕೋಲ್ಡ್ ಸ್ಟೋರೇಜಿನಿಂದ ಬಂದ ದಿನಾನ ಹಾಕಬ್ಯಾಡ್ರಿ. ಚೀಲ ಬಿಚ್ಚಿ, ಬಿಸಿಲು ಬೀಳದ ಆದ್ರ ಬೆಳಕು ಆಡೋ ಜಾಗದಾಗ ಒಂದೆರಡು ಪದರ ಹರವಿ 10-15 ದಿನ ಬಿಡ್ರಿ. ಮೊಳಕಿ ಗಿಡ್ಡ, ದಪ್ಪ, ಹಸಿರು ಬಣ್ಣಕ್ಕ ತಿರುಗಿರಬೇಕು. ಕತ್ತಲದಾಗ ಇಟ್ರ ಬಿಳೀ ಉದ್ದ ಮೊಳಕಿ ಬಂದು ಬುಟ್ಟ್ಯಾಗ ಹಾಕೂಮುಂದ ಮುರೀತಾವ.

ಕೊಯ್ಯೂದಾದ್ರ ನೆತ್ತಿಯಿಂದ ತೊಟ್ಟಿನ ಕಡೆ ಉದ್ದಕ್ಕ ಕೊಯ್ರಿ. ಕಣ್ಣು ಹೆಚ್ಚು ಇರೋದು ನೆತ್ತ್ಯಾಗ, ಅಡ್ಡ ಕೊಯ್ದ್ರ ತೊಟ್ಟಿನ ಹೋಳು ಕುರುಡು ಉಳೀತೈತಿ. ಹೋಳಿಗೆ ಎರಡು ಕಣ್ಣು ಬೇಕು. ಕೊಯ್ದ ಮ್ಯಾಲ ಎರಡು-ಮೂರು ದಿನ ನೆರಳಾಗ ತೆಳ್ಳಗ ಹರವಿ, ಹಸಿ ಗೋಣಿತಾಟು ಹೊದಿಸಿ ಇಡ್ರಿ. ಕೊಯ್ದ ಮುಖದ ಮ್ಯಾಲ ಬೆರಳಾಡಿಸಿದ್ರ ಒಣ ಚಕ್ಕಳ ಹತ್ತಿದಂಗ ಆಗಬೇಕು. ಜಿಗಟು ಇದ್ರ ಇನ್ನೂ ಆಗಿಲ್ಲ. ನಿಮ್ಮಲ್ಲಿ ಕೊಳೆಯೂದರ ಅರ್ಧ ಕಾರಣ ಇದ ಇದ್ದರೂ ಇರಬಹುದು, ಬೆಳಿಗ್ಗೆ ಕೊಯ್ದು ಸಂಜಿಕ ಮಣ್ಣಿಗೆ ಹಾಕೋ ಚಾಳಿ ನಮ್ಮ ಕಡೆ ಭಾಳ.

ಆಳ: ಮಳಿಗಾಲದಾಗ ಎರಡರಿಂದ ಎರಡೂವರಿ ಇಂಚು ಸಾಕು. ಆಳ ಆಮ್ಯಾಲ ಮಣ್ಣು ಏರಿಸಿ ಕೊಡೂದು.

ಗೊಬ್ಬರ: ಪೂರಾ ಕಳಿತ ತಿಪ್ಪಿಗೊಬ್ಬರ 10 ಗುಂಟೆಗೆ ಎರಡೂವರಿ ಟನ್, ಹೆಚ್ಚುಕಮ್ಮಿ ಒಂದು ಟ್ರಾಲಿ. ಅರಿಬರಿ ಕಳಿತದ್ದು ಹಾಕಿದ್ರ ಗೊಣ್ಣಿಹುಳ ಬರತೈತಿ. ಎಕರೆಗೆ ಸಾರಜನಕ, ರಂಜಕ, ಪೊಟ್ಯಾಷ್ 50:40:50 ಕಿಲೋ ಹಿಡಿದ್ರ, 10 ಗುಂಟೆಗೆ ಡಿಎಪಿ 22 ಕಿಲೋ, ಪೊಟ್ಯಾಷ್ ಗೊಬ್ಬರ (ಎಂಒಪಿ) 21 ಕಿಲೋ, ಯೂರಿಯಾ 19 ಕಿಲೋ. ಯೂರಿಯಾ ಅರ್ಧ ಬಿತ್ತೂಮುಂದ, ಅರ್ಧ 30 ದಿನಕ್ಕ ಮಣ್ಣು ಏರಿಸೂಮುಂದ. ಐರ್ಲೆಂಡಿನವ್ರ ಕಡಲಕಳೆ ಕೊಡತಿದ್ದದ್ದು ಮುಖ್ಯವಾಗಿ ಪೊಟ್ಯಾಷ್, ಅದಕ್ಕ ಅದನ್ನ ಬಿಡಬ್ಯಾಡ್ರಿ. ಗೊಬ್ಬರ ಬೀಜಕ್ಕ ಮುಟ್ಟಬಾರದು, ಎರಡು ಇಂಚು ಮಗ್ಗಲಕ್ಕ ಹಾಕಿ ಮಣ್ಣು ಎಳೀರಿ. ಹೋಳಿಗೆ ಡಿಎಪಿ ತಾಗಿದ್ರ ಮೊಳಕಿ ಸುಟ್ಟು ಕಂದಾಗಿ ನಿಲ್ತೈತಿ, ಜನ ಅದನ್ನ ಕೊಳೆರೋಗ ಅಂತ ತಿಳೀತಾರ.

ಮೊದಲ ಮಣ್ಣು 25-30 ದಿನಕ್ಕ, ಗಿಡ ಗೇಣು ತುಂಬ ಬಂದಾಗ. ಎರಡನೇದು 45ರ ಒಳಗ. ಹಸಿಮಣ್ಣು ಏರಿಸಬ್ಯಾಡ್ರಿ, ಹದ ನೋಡ್ರಿ. ಮುಷ್ಟಿಯೊಳಗ ಹಿಡಿದು ಬಿಟ್ರ ಉದುರಬೇಕು.


ಎಲೆಯಡಿ:

ಎಡೆಕುಂಟಿಯವರೇ, ಲೆಕ್ಕ ಸರಿ, ಆದರೆ ಮುಂಗಾರಿಗೆ ಬೀಜ ಕೊಯ್ಯುವುದನ್ನು ನಾನು ಒಪ್ಪುವುದಿಲ್ಲ. ಕೊಳೆಯುವುದು ಒಂದು ಕಾರಣ, ಅದಕ್ಕಿಂತ ದೊಡ್ಡದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಒಂದು ರೋಗದ ಗಡ್ಡೆ ಕೊಯ್ದ ಕುಡಗೋಲು ಮುಂದಿನ ಹತ್ತಾರು ಗಡ್ಡೆಗೆ ಅದನ್ನು ಹಚ್ಚುತ್ತದೆ. 30-40 ಗ್ರಾಂನ ಇಡೀ ಗಡ್ಡೆ ಸಿಕ್ಕರೆ ಅದನ್ನೇ ಹಾಕಿ. ಕೊಯ್ಯಲೇಬೇಕಾದರೆ ಎರಡು ಚಾಕು ಇಟ್ಟುಕೊಳ್ಳಿ. ಒಂದು ಕೈಯಲ್ಲಿ, ಇನ್ನೊಂದು ಬ್ಲೀಚ್ ನೀರಿನಲ್ಲಿ (ಮನೆಯಲ್ಲಿ ಬಳಸುವ ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲು). ಪ್ರತಿ ಗಡ್ಡೆಗೂ ಅದಲುಬದಲು. ಕೊಯ್ದಾಗ ಒಳಗೆ ಕಂದು ಉಂಗುರ ಕಂಡರೆ ಆ ಗಡ್ಡೆ ಎಸೆಯಿರಿ, ಚಾಕು ನೀರಿಗೆ ಹಾಕಿ.

ಹೊಲದಲ್ಲಿ ಗಿಡ ಮಧ್ಯಾಹ್ನ ಬಾಡಿ ಸಂಜೆ ಎದ್ದು, ಮೂರ್ನಾಲ್ಕು ದಿನಕ್ಕೆ ಹಸಿರಿರುವಾಗಲೇ ಪೂರ್ತಿ ಸೊರಗಿದರೆ ನೆಲಮಟ್ಟದ ಕಾಂಡ ಎರಡು ಇಂಚು ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕಾಂಡದ ಕೊಯ್ದ ತುದಿ ನೀರಿಗೆ ತಾಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಐದು ನಿಮಿಷದೊಳಗೆ ಹಾಲಿನ ಎಳೆಯಂಥದ್ದು ಕೆಳಗಿಳಿದರೆ ಅದು ದುಂಡಾಣು ಸೊರಗೇ. ಇಳಿಯದಿದ್ದರೆ ಶಿಲೀಂಧ್ರವೋ ನೀರು ನಿಂತದ್ದೋ ನೋಡಬೇಕು. ಸೊರಗು ಬಂದ ಹೊಲಕ್ಕೆ ಮೂರು ವರ್ಷ ಬಟಾಟಿ, ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಯಾವುದೂ ಬೇಡ. ಗೋವಿನಜೋಳ, ಜೋಳ ಹಾಕಿ.

ಈಗ ಅಂಗಮಾರಿ. ಗಡಿಭಾಗದಲ್ಲಿ ಕರಪಾ ಎನ್ನುವುದು ಇದಕ್ಕೇ. 1845ರಲ್ಲಿ ಐರ್ಲೆಂಡಿನ ಬೆಳೆ ಕೊಳೆಸಿದ್ದು ಇದೇ ರೋಗದ ಫೈಟಾಫ್ತೊರಾ ಇನ್ಫೆಸ್ಟನ್ಸ್ ಎಂಬ ರೋಗಾಣು. ಬಡವರು ಬಹುಪಾಲು ನಂಬಿದ್ದು 'ಲಂಪರ್' ಎಂಬ ಒಂದೇ ತಳಿಯನ್ನು. ಗಡ್ಡೆಯಿಂದಲೇ ಗಡ್ಡೆ ಬೆಳೆಸಿದ್ದರಿಂದ ಗಿಡಗಳೆಲ್ಲ ಒಂದೇ ಅಚ್ಚು, ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲಿತು. ಮುಂದಿನ ಏಳು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, 10 ಲಕ್ಷಕ್ಕೂ ಮಿಕ್ಕಿ ದೇಶ ಬಿಟ್ಟರು. ಅವರ ಏರಿ ಚೆನ್ನಾಗಿಯೇ ಇತ್ತು. ಏರಿ ಅಂಗಮಾರಿ ತಡೆಯುವುದಿಲ್ಲ, ಇದನ್ನು ಮೊದಲೇ ತಿಳಿದುಕೊಳ್ಳಿ. ಗಡ್ಡೆಯ ಮೇಲೆ ದಪ್ಪ ಮಣ್ಣಿದ್ದರೆ ಎಲೆಯಿಂದ ಮಳೆ ಜತೆ ಇಳಿಯುವ ಬೀಜಕಣ ಗಡ್ಡೆಗೆ ಮುಟ್ಟುವುದು ಕಡಿಮೆಯಾಗುತ್ತದೆ, ಅಷ್ಟೇ.

ಅಲ್ಲಿನವರಿಂದ ಕಲಿಯಬೇಕಾದ್ದು ಎಚ್ಚರಿಕೆಯ ಲೆಕ್ಕ. 1953ರಲ್ಲಿ ಆಸ್ಟಿನ್ ಬರ್ಕ್ ಎಂಬ ಹವಾಮಾನ ತಜ್ಞ ಮಾಡಿದ 'ಐರಿಶ್ ನಿಯಮ' ಪ್ರಕಾರ, ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯದೆ, ಗಾಳಿಯ ತೇವ ಶೇ 90ಕ್ಕಿಂತ ಕಡಿಮೆಯಾಗದೆ 12 ತಾಸು ಕಳೆದು, ಆಮೇಲೂ ಎಲೆ ಒದ್ದೆಯಾಗೇ ಉಳಿದರೆ ರೋಗಕ್ಕೆ ಬಾಗಿಲು ತೆರೆದಂತೆ. ಅಲ್ಲಿನ ಹವಾಮಾನ ಇಲಾಖೆ ಮೆಟ್ ಏರನ್ ಇಂದಿಗೂ ಬೇಸಿಗೆಯಲ್ಲಿ ಅಂಗಮಾರಿ ಎಚ್ಚರಿಕೆ ಕೊಡುತ್ತದೆ. ಬೆಳಗಾವಿಯ ಜುಲೈನಲ್ಲಿ 10 ಡಿಗ್ರಿಯ ಷರತ್ತು ಇಪ್ಪತ್ನಾಲ್ಕು ತಾಸೂ ಪೂರೈಸಿರುತ್ತದೆ, ಹಾಗಾಗಿ ನೀವು ಎಣಿಸಬೇಕಾದ್ದು ಒದ್ದೆಯ ತಾಸು ಮಾತ್ರ. ಸಂಜೆಯಿಂದ ಮರುದಿನ ಹತ್ತರವರೆಗೆ ಎಲೆ ಒಣಗದೆ ಎರಡು ದಿನ ಕಳೆದರೆ ಚುಕ್ಕೆ ಕಾಣುವವರೆಗೆ ಕಾಯಬೇಡಿ.

ಗುರುತು: ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದಂಥ ಕಪ್ಪು ಮಚ್ಚೆ. ಬೆಳಿಗ್ಗೆ ಏಳರೊಳಗೆ ಎಲೆ ಮಗುಚಿ ನೋಡಿದರೆ ಮಚ್ಚೆಯ ಸುತ್ತ ಸಕ್ಕರೆ ಪುಡಿ ಉದುರಿಸಿದ ಹಾಗೆ ಬಿಳಿ ಬೂಸ್ಟು. ಬಿಸಿಲೇರಿದರೆ ಅದು ಕಾಣುವುದಿಲ್ಲ. ಮಚ್ಚೆಯಲ್ಲಿ ಬಿಲ್ಲೆಯಂತೆ ಉಂಗುರಗಳಿದ್ದು ಒಣಗಿದ್ದರೆ ಅದು ಮುಂಚಿನ ಅಂಗಮಾರಿ, ಬೇರೆ ರೋಗ, ಅಷ್ಟು ಅವಸರವಿಲ್ಲ.

ಮುಂಜಾಗ್ರತೆಗೆ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಲೀಟರಿಗೆ 2-2.5 ಗ್ರಾಂ, 30ನೇ ದಿನದಿಂದ 8-10 ದಿನಕ್ಕೊಮ್ಮೆ, ಎಲೆಯ ಅಡಿಗೆ ಬೀಳುವ ಹಾಗೆ. ರೋಗ ಕಂಡ ಮೇಲೆ ಸೈಮಾಕ್ಸಾನಿಲ್ ಜತೆ ಮ್ಯಾಂಕೋಜೆಬ್ ಇರುವುದನ್ನೋ ಮೆಟಲಾಕ್ಸಿಲ್ ಜತೆ ಇರುವುದನ್ನೋ ಚೀಟಿಯಲ್ಲಿ ಬರೆದ ಪ್ರಮಾಣದಲ್ಲಿ ಹೊಡೆಯಿರಿ. ಒಂದನ್ನೇ ಎರಡು ಸಲಕ್ಕಿಂತ ಹೆಚ್ಚು ಹೊಡೆಯಬೇಡಿ, ರೋಗ ಪಳಗುತ್ತದೆ.

ಹಳೆಯ ದಾರಿಯೂ ಇದೆ. ಐರ್ಲೆಂಡಿನಲ್ಲಿ ಮೈಲುತುತ್ತ ಮತ್ತು ವಾಷಿಂಗ್ ಸೋಡಾ ಬೆರೆಸಿ ಹೊಡೆಯುತ್ತಿದ್ದರು. ನಮಗೆ ಸುಣ್ಣದ್ದೇ, ಅಂದರೆ ಬೋರ್ಡೋ ದ್ರಾವಣವೇ ಸುಲಭ. 16 ಲೀಟರ್ ಪಂಪಿಗೆ ಮೈಲುತುತ್ತ 160 ಗ್ರಾಂ, ಸುಡುಸುಣ್ಣದ ಹರಳು 160 ಗ್ರಾಂ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 8 ಲೀಟರಿನಂತೆ ಕರಗಿಸಿ, ಸುಣ್ಣ ತಣ್ಣಗಾದ ಮೇಲೆ ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ. ತಿರುವುಮುರುವು ಮಾಡಿದರೆ ಗಸಿ ದಪ್ಪವಾಗಿ ನಾಜಲ್ ಕಟ್ಟುತ್ತದೆ. ಉಜ್ಜಿ ಹೊಳಪು ಮಾಡಿದ ಕುಡಗೋಲಿನ ತುದಿ ಒಂದು ನಿಮಿಷ ಅದ್ದಿ ತೆಗೆಯಿರಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಮುಗಿಸಬೇಕು.


ಮಸಾರಿಹೊಲ:

ಭಾಳ ಉಪಕಾರ್ರೀ ಎಲ್ಲಾರಿಗೂ. ಬದುವಿನ ಬಾಯಿ ಮೊದ್ಲ ಬಿಡಿಸ್ತೀನಿ. ಇನ್ನೆರಡು ಮಾತು. ಐರ್ಲೆಂಡಿನವ್ರು ಗಡ್ಡಿ ಮಣ್ಣಿನ ಗುಂಪ್ಯಾಗ ಹುಗಿದು ಚಳಿಗಾಲ ಪೂರ್ತಿ ಇಟ್ಟು ಅದರಾಗ ಬೀಜಾನೂ ತೆಗೀತಿದ್ರಂತ, ನಾವು ಹಂಗ ಇಡಬಹುದೇನು? ಬೀಗರ ಹೊಲ ಬಾಗಲಕೋಟಿ ಕಡೆ ಎರಿ (ಕರಿಮಣ್ಣಿನ) ಭೂಮಿ, ಅವ್ರೂ ಕೇಳಾಕತ್ತಾರ.


ಸಲಿಕೆಕಾವು:

ಗುಂಪಿಯ ಕ್ರಮ ಹೇಳುತ್ತೇನೆ, ಮಾಡಬೇಡಿ ಎಂದೂ ಹೇಳುತ್ತೇನೆ. ನೀರು ನಿಲ್ಲದ ಜಾಗದಲ್ಲಿ ಒಣಗಿದ ಗಡ್ಡೆಯನ್ನು ಮಾಡಿನಂತೆ ಇಳಿಜಾರಾಗಿ ಒಟ್ಟಿ, ದಪ್ಪಗೆ ಹುಲ್ಲು ಅಥವಾ ಜೊಂಡು ಹೊದಿಸಿ, ಸುತ್ತ ಕಾಲುವೆ ತೋಡಿದ ಮಣ್ಣನ್ನೇ ಮೇಲೆ ಬಡಿಯುತ್ತಾರೆ. ಬೆವರು ಹೋಗಲು ನೆತ್ತಿಯಲ್ಲಿ ಹುಲ್ಲಿನ ಕಂತೆ ಹೊರಗಿರುತ್ತದೆ. ಅಲ್ಲಿ ಚಳಿಗಾಲದ ಸರಾಸರಿ 5-7 ಡಿಗ್ರಿ, ಗಡ್ಡೆ ಮಲಗಿರುತ್ತದೆ. ಇಲ್ಲಿ ಅಕ್ಟೋಬರ್ ಮಧ್ಯಾಹ್ನ 28-30 ಡಿಗ್ರಿ. ಹುಗಿದ ಗುಂಪಿ ಒಳಗೊಳಗೇ ಬಿಸಿಯಾಗಿ ನಡುವಿನ ಗಡ್ಡೆ ಮೊದಲು ಕಪ್ಪಾಗುತ್ತದೆ, ಒಂದು ಕೊಳೆತರೆ ಅದರ ನೀರು ಕೆಳಗಿನದಕ್ಕೆ.

ಬೀಜದ ಮಾತೂ ಅದೇ. ಐರ್ಲೆಂಡಿನ ಡೊನೆಗಲ್‌ನಂಥ ತಂಪು, ಗಾಳಿ ಹೆಚ್ಚಿರುವ ಕರಾವಳಿಯಲ್ಲಿ ಸಸ್ಯಹೇನು ಕಡಿಮೆ, ಅದರಿಂದ ನಂಜುರೋಗವೂ (ವೈರಸ್) ಕಡಿಮೆ. ಅದಕ್ಕೇ ಅದು ಬೀಜದ ಸೀಮೆ. ಇಲ್ಲಿ ಒಂದು ಬೆಳೆ ಮುಗಿಯುವುದರೊಳಗೆ ಹೇನು ನಂಜು ಹಚ್ಚಿರುತ್ತದೆ, ಎರಡನೆಯ ವರ್ಷ ಎಲೆ ಮುದುಡಿ ಗಡ್ಡೆ ಗೋಲಿಯಾಗುತ್ತದೆ. ಬೀಜಕ್ಕೆ ಪ್ರತಿ ವರ್ಷ ಪ್ರಮಾಣಿತ ಚೀಲವನ್ನೇ ಕೊಳ್ಳಿ.


ಎಡೆಕುಂಟಿ:

ಎಲೆಯಡಿ ಸರ್, ಇಡೀ ಗಡ್ಡಿ ಹಾಕೂದು ಚಲೋನ ಐತಿ, ಆದ್ರ ಬರೋ ಚೀಲದಾಗ 60-100 ಗ್ರಾಂದವ ಹೆಚ್ಚು. ಇಡೀ ಹಾಕಿದ್ರ ನಾಕು ಚೀಲದ ಜಾಗಕ್ಕ ಎಂಟರಿಂದ ಹದಿಮೂರು ಚೀಲ, ಯಾರು ಕೊಡ್ತಾರ ರೊಕ್ಕ? ಸಣ್ಣವನ್ನ ಆರಿಸಿ ಕೆಳಗಿನ ಏರಿಗೆ ಇಡೀ ಹಾಕ್ರಿ, ದೊಡ್ಡವನ್ನ ಕೊಯ್ದು ಮ್ಯಾಲಿನ ಅರ್ಧಕ್ಕ ಹಾಕ್ರಿ. ಎರಡು ಚಾಕುವಿನ ಮಾತು ಮಾತ್ರ ಎಲ್ಲಾರೂ ಪಾಲಿಸ್ರಿ.

ಎರಿ ಭೂಮ್ಯಾಗ ಮುಂಗಾರಿ ಬಟಾಟಿ ಸುದ್ದಿನ ಬ್ಯಾಡ. ಒದ್ದಿಯಾದ್ರ ಗಡ್ಡಿಗೆ ಉಸಿರಿಲ್ಲ, ಒಣಗಿದ್ರ ಬಿರುಕು ಬಿಟ್ಟು ಗಡ್ಡಿ ಬಿಸಿಲಿಗೆ ಹಸಿರಾಗತೈತಿ, ಆ ಬಿರುಕಿನ್ಯಾಗ ಗಡ್ಡಿ ಪತಂಗ ತತ್ತಿ ಇಡತೈತಿ. ನೀರಿದ್ರ ಅಕ್ಟೋಬರ್ ಕೊನಿಗೆ ಹಾಕಿ, ಹನಿ ನೀರಾವರಿ ಕೊಟ್ಟು, ಬಿಸಿಲು ಏರೂ ಮುಂಚೆ ಫೆಬ್ರವರಿ ಮೊದಲಿಗೆ ತೆಗೀಬೇಕು. ರಾತ್ರಿ 20 ಡಿಗ್ರಿ ದಾಟಿದ್ರ ಗಡ್ಡಿ ಕಟ್ಟೂದು ಕುಂದತೈತಿ.

ತೆಗಿಯೂದು: ಕುಫ್ರಿ ಜ್ಯೋತಿ ತಳಿ ಆದ್ರ 90 ದಿನದ ಆಸುಪಾಸು. ಅದಕ್ಕ 10-12 ದಿನ ಮುಂಚೆ ದಂಟು ನೆಲಮಟ್ಟಕ್ಕ ಕೊಯ್ದು ಹೊಲದಿಂದ ಹೊರಗ ಹಾಕ್ರಿ. ಅಂಗಮಾರಿ ಬಂದಿದ್ರ ಎರಡು ವಾರ ಪೂರಾ ಬಿಡ್ರಿ, ಇಲ್ಲಾಂದ್ರ ಅಗಿಯೂಮುಂದ ಎಲಿ ಮ್ಯಾಲಿನ ರೋಗ ಹಸಿ ಗಡ್ಡಿಗೆ ಹತ್ತತೈತಿ. ಒಂದು ಗಡ್ಡಿ ಕಿತ್ತು ಹೆಬ್ಬೆರಳಿಂದ ಒತ್ತಿ ತಿಕ್ಕಿ ನೋಡ್ರಿ, ಸಿಪ್ಪಿ ಜಾರಿದ್ರ ಇನ್ನ ನಾಕು ದಿನ ತಡೀರಿ. ಚೀಲ ತುಂಬೂ ಮುಂಚೆ ನೆರಳಾಗ ಒಂದು ದಿನ ಆರಿಸ್ರಿ, ಒಂದೂವರಿ ಅಡಿಗಿಂತ ಎತ್ತರ ಗುಡ್ಡಿ ಹಾಕಬ್ಯಾಡ್ರಿ. ಮ್ಯಾಲ ಗೋಣಿತಾಟು ಇರ್ಲಿ, ತಾಡಪತ್ರಿ ಬ್ಯಾಡ. ತಾಡಪತ್ರಿ ಅಡಿ ರಾತ್ರೋರಾತ್ರಿ ಬೆವರ್ತಾವ.